ಪೇಟೆ ಬೆಳೆಯಿತು, ಹಳ್ಳಿಯ ಪಾಲೆಷ್ಟು?

ಸಾಂಗ್ಲಿ ಪಟ್ಟಣದ ಪಡುವಣ ಅಂಚಿನಲ್ಲಿ ಕೃಷ್ಣೆಯ ಮೇಲೆ ಇರ್ವಿನ್ ಸೇತುವೆ ಇದೆ. ೧೯೨೯ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯನ್ನು ದಾಟಿದರೆ ಸಾಂಗ್ಲಿವಾಡಿ. ಹೆಸರೇ ಹೇಳುವಂತೆ ಇದು ಸಾಂಗ್ಲಿಯ ಮಗ್ಗುಲಿನ ವಾಡಿ, ಒಕ್ಕಲುತನದ ಊರು. ಇಂದು ಅದು ಸಾಂಗ್ಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಯ ಒಂದು ಭಾಗವಾಗಿದೆ. ಮೂರು ಊರುಗಳನ್ನು ಕೂಡಿಸಿ ಈ ಪಾಲಿಕೆಯನ್ನು ರಚಿಸಿದ್ದು ೧೯೯೮ರಲ್ಲಿ; ೨೦೧೧ರ ಜನಗಣತಿಯಲ್ಲಿ ಇದರ ಜನಸಂಖ್ಯೆ ೫ ಲಕ್ಷ ೨ ಸಾವಿರವನ್ನು ಮೀರಿತ್ತು. ಸೇತುವೆಯ ಮೇಲೆ ನಸುಕಿನಿಂದಲೇ ಎರಡೂ ಕಡೆಗೆ ಜನ ಹರಿಯುತ್ತದೆ. ಪೇಟೆಯ ಕಡೆಗೆ ಹಾಲು, ಕಾಯಿಪಲ್ಲೆ, ಕೂಲಿಯ ಆಳು ಹೋಗುತ್ತವೆ. ಪೇಟೆಯಿಂದ ಗೊಬ್ಬರ, ಔಷಧ, ಸಿಮೆಂಟು, ರೊಕ್ಕ ಬರುತ್ತವೆ. ಹೋದದ್ದೆಷ್ಟು, ಬಂದದ್ದೆಷ್ಟು? ಆ ಲೆಕ್ಕವನ್ನು ಈ ವಾರ ತುಸು ನೋಡೋಣವೆಂದಿದ್ದೇವೆ.

ಬೀಜ, ಗೊಬ್ಬರ, ಕೀಡೆಗಳ ಮಾತು ಬಿಟ್ಟು ಊರು ಬಿಡುವವರ ಮಾತು ಒಕ್ಕಲುತನದ ಪುಟದಲ್ಲೇಕೆ ಎಂದು ಕೆಲವು ವಾಚಕರು ಕೇಳಬಹುದು. ಉಮದಿ, ಸಂಖ, ಮಾಡಗ್ಯಾಳ, ಬಿಳೂರುಗಳ ಕಡೆಯ ಒಕ್ಕಲಿಗರು ಇದನ್ನು ಕೇಳಲಾರರು. ಹಿಂಗಾರಿ ಜೋಳ ಕೊಯ್ಲಿಗೆ ಬಂದಾಗ ಮನೆಯಲ್ಲಿ ಮುದುಕ ಮುದುಕಿಯರಷ್ಟೇ ಉಳಿದಿದ್ದರೆ, ಒಳ್ಳೆಯ ಬೀಜ ಬಿತ್ತಿ ಆದ ಲಾಭವೇನು? ಹೊಲಕ್ಕೆ ಬೇಕಾದ ಮೊದಲನೆಯ ಗೊಬ್ಬರ ದುಡಿಯುವ ಕೈ. ಆ ಕೈ ಎಲ್ಲಿಗೆ ಹೋಗುತ್ತದೆ, ಏಕೆ ಹೋಗುತ್ತದೆ, ಹೋದ ಮೇಲೆ ಊರಿಗೇನಾಗುತ್ತದೆ ಎಂಬುದು ಒಕ್ಕಲುತನದ ವಿಚಾರವೇ ಸರಿ.

ಮೊದಲಿಗೆ ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ವಲಸೆಯೆಂದೊಡನೆ ಎಲ್ಲರ ಕಣ್ಣ ಮುಂದೆ ಮುಂಬಯಿ ಬರುತ್ತದೆ. ಆದರೆ ೨೦೧೧ರ ಗಣತಿಯಂತೆ ಭಾರತದಲ್ಲಿ ಒಂದು ಊರು ಬಿಟ್ಟು ಇನ್ನೊಂದೂರಿಗೆ ಬಂದು ನೆಲೆಸಿದವರು ಸುಮಾರು ೪೫ ಕೋಟಿ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಲಗ್ನವಾಗಿ ಗಂಡನ ಮನೆಗೆ ಬಂದವರು. ಬಹುಪಾಲು ಜನ ದೂರ ಹೋಗುವದೇ ಇಲ್ಲ. ಇಂಗ್ಲಂಡದಲ್ಲಿ ರೇವನ್‌ಸ್ಟೈನ್ ಎಂಬ ಪಂಡಿತನು ಅಲ್ಲಿಯ ಜನಗಣತಿಯ ಕಾಗದಗಳನ್ನು ತಿರುವಿಹಾಕಿ ೧೮೮೫ರಲ್ಲಿಯೇ ಇದನ್ನು ಬರೆದಿಟ್ಟನು: ಹೆಚ್ಚಿನವರು ಹತ್ತಿರದ ಪಟ್ಟಣಕ್ಕೆ ಹೋಗುತ್ತಾರೆ, ಆ ಪಟ್ಟಣದವರು ಇನ್ನೂ ದೊಡ್ಡ ಪಟ್ಟಣಕ್ಕೆ ಹೋಗುತ್ತಾರೆ, ಅವರು ತೆರವು ಮಾಡಿದ ಜಾಗಕ್ಕೆ ದೂರದ ಹಳ್ಳಿಯವರು ಬರುತ್ತಾರೆ. ನಮ್ಮ ಸೀಮೆಯಲ್ಲಿ ಇದನ್ನು ತಿಳಿಯಲು ಪಂಡಿತರು ಬೇಕಿಲ್ಲ. ಜತ್ತ ಕಡೆಯ ಹುಡುಗ ಮೊದಲು ಮಿರಜಿಗೋ ಸಾಂಗ್ಲಿಗೋ ಬರುತ್ತಾನೆ. ಚಿಕ್ಕೋಡಿ, ರಾಯಬಾಗ ಕಡೆಯವನು ಇಚಲಕರಂಜಿಯ ವಿದ್ಯುತ್ ಮಗ್ಗಗಳಿಗೆ ಹೋಗುತ್ತಾನೆ. ಸಾಂಗ್ಲಿಯ ಹುಡುಗ ಪುಣೆಯ ರೈಲು ಹತ್ತುತ್ತಾನೆ. ಪುಣೆಯವನು ಮುಂಬಯಿಗೋ ಪರದೇಶಕ್ಕೋ ಹೊರಡುತ್ತಾನೆ. ಹೀಗೆ ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಏರಿದಂತೆ ಹೋಗುವದರಿಂದ ಮೆಟ್ಟಿಲಿನ ಎಲ್ಲಕ್ಕೂ ಕೆಳಗಿರುವ ಊರಿಗೆ ಮಾತ್ರ ಯಾರೂ ಬರುವದಿಲ್ಲ.

ಗಿರಣಿಯ ಕಾಲ

ಮುಂಬಯಿಯಲ್ಲಿ ಮೊದಲನೆಯ ಹತ್ತಿಯ ಗಿರಣಿ ನಡೆಯತೊಡಗಿದ್ದು ೧೮೫೬ರಲ್ಲಿ. ಅಲ್ಲಿಂದ ಮುಂದೆ ನೂರು ವರುಷ ಕೊಂಕಣ, ಸಾತಾರಾ, ಕೊಲ್ಲಾಪುರ, ಸಾಂಗ್ಲಿಗಳ ಹಳ್ಳಿಗಳಿಂದ ಗಂಡಸರು ಹೋಗಿ ಆ ಗಿರಣಿಗಳನ್ನು ನಡೆಯಿಸಿದರು. ಹೆಂಡತಿ ಮಕ್ಕಳು ಊರಿನಲ್ಲಿ. ಗಂಡ ಒಂದು ಕೋಲಿಯಲ್ಲಿ ಹತ್ತು ಹನ್ನೆರಡು ಜನರ ಜತೆಗೆ, ಊಟ ಖಾನಾವಳಿಯಲ್ಲಿ. ಮನಿಆರ್ಡರು ಬಂದ ದಿನ ಊರಿನ ಅಂಗಡಿಯ ಸಾಲ ತೀರುತ್ತಿತ್ತು. ಬೀಸುವ, ಬಿತ್ತುವ, ಸಾಲ ಹಿಡಿಯುವ ಕೆಲಸವೆಲ್ಲ ಹೆಣ್ಣಿನ ಮೇಲೆ ಬಿತ್ತು. ಹೆಣ್ಣುಮಗಳು ಒಕ್ಕಲುತನ ನಡೆಯಿಸಿದರೂ ಹೊಲದ ಕಾಗದದಲ್ಲಿ ಅವಳ ಹೆಸರು ಇರಲಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುವೆವು.

ಈ ಪದ್ಧತಿಯಲ್ಲಿ ಲಾಭ ಯಾರಿಗಾಯಿತು? ಗಿರಣಿಯ ಮಾಲಕನು ಕೊಟ್ಟದ್ದು ಒಬ್ಬ ಆಳಿನ ಹೊಟ್ಟೆಗೆ ಸಾಲುವಷ್ಟು ಪಗಾರ. ಆ ಆಳನ್ನು ಹೆತ್ತು ಹದಿನೆಂಟು ವರುಷ ಸಾಕಿದ್ದು ಹಳ್ಳಿ. ಅವನು ಜಡ್ಡಿಗೆ ಬಿದ್ದಾಗ ತಿರುಗಿ ಬಂದದ್ದು ಹಳ್ಳಿಗೆ. ಮುದುಕನಾದಾಗ ಕುಳಿತು ಉಂಡದ್ದು ಹಳ್ಳಿಯ ಜೋಳದ ರೊಟ್ಟಿಯನ್ನು. ಎಂದರೆ ನಗರದ ಪಗಾರದಲ್ಲಿ ಕಾಣದ ಒಂದು ದೊಡ್ಡ ಪಾಲನ್ನು ನಮ್ಮ ಮಡ್ಡಿಯ ಹೊಲಗಳೇ ತುಂಬಿದವು. ಹಳ್ಳಿಯನ್ನು ನಗರವು ಸಾಕುತ್ತದೆಂದು ಹೇಳುವವರು ಈ ಬಾಕಿಯನ್ನೂ ಲೆಕ್ಕದಲ್ಲಿ ಹಿಡಿಯಬೇಕು.

೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಕೆಲಸ ನಿಲ್ಲಿಸಿದರು. ತಿಂಗಳುಗಟ್ಟಲೆ ಪಗಾರವಿಲ್ಲದೆ ಅವರು ಅಷ್ಟು ಕಾಲ ನಿಲ್ಲಲು ಶಕ್ತರಾದದ್ದು ಹೇಗೆ? ಬಹಳಷ್ಟು ಜನ ಗಂಟು ಕಟ್ಟಿಕೊಂಡು ಊರಿಗೆ ಬಂದರು. ಊರಿನಲ್ಲಿ ಎರಡೆಕರೆಯಾದರೂ ಹೊಲವಿದ್ದವರು ಬದುಕಿದರು. ಮುಷ್ಕರ ಫಲಿಸಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಗಳಿದ್ದ ನೆಲದ ಮೇಲೆ ಈಗ ಗಗನ ಮುಟ್ಟುವ ಮನೆಗಳೂ ಅಂಗಡಿಗಳೂ ನಿಂತಿವೆ. ೨೦೨೦ರ ಮಾರ್ಚಿನಲ್ಲಿ ಕೊರೋನಾ ಬೇನೆಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗಲೂ ಇದೇ ಆಯಿತು. ಪುಣೆ ಮುಂಬಯಿಗಳಿಂದ ನಡೆದೂ, ಸಿಕ್ಕ ಗಾಡಿ ಹಿಡಿದೂ ಮಂದಿ ಊರಿಗೆ ಬಂದರು. ನಗರಕ್ಕೆ ಬೇಡವಾದಾಗ ಊರೇ ಬೇಕಾಯಿತು.

ಬಂಗಾರ ಕರಗಿಸುವವರು

ಇದೇ ಸಾಂಗ್ಲಿ ಜಿಲ್ಲೆಯ ಖಾನಾಪುರ, ಆಟಪಾಡಿ ತಾಲೂಕುಗಳ ಕಥೆ ಬೇರೆ ತರಹದ್ದು. (ಬೆಳಗಾವಿಯ ಖಾನಾಪುರವಲ್ಲ, ವಿಟೆಯ ಕಡೆಯದು.) ಅಲ್ಲಿಯದು ಮಳೆ ಕಡಿಮೆಯ, ಕಲ್ಲು ಹೆಚ್ಚಿನ ಭೂಮಿ. ಅಲ್ಲಿಯ ಒಕ್ಕಲು ಮಕ್ಕಳು ಗಲಾಯಿ ಕೆಲಸ ಕಲಿತು ಊರು ಬಿಟ್ಟರು. ಹಳೆಯ ಬೆಳ್ಳಿ ಬಂಗಾರವನ್ನು ಕರಗಿಸಿ, ಕಸ ತೆಗೆದು, ಶುದ್ಧ ಮಾಡಿ ಕೊಡುವದಕ್ಕೆ ಗಲಾಯಿ ಎನ್ನುತ್ತಾರೆ. ಇಂದು ಕೇರಳ, ತಮಿಳುನಾಡು, ಬಂಗಾಲಗಳ ಸರಾಫ ಪೇಟೆಗಳಲ್ಲಿ ಹುಡುಕಿದರೆ ಈ ಎರಡು ತಾಲೂಕುಗಳ ಮನುಷ್ಯ ಸಿಕ್ಕೇ ಸಿಗುತ್ತಾನೆ. ಒಬ್ಬನು ಅಂಗಡಿ ಇಟ್ಟರೆ ತಮ್ಮನನ್ನು ಕರೆಸುವನು, ತಮ್ಮನು ಭಾವಮೈದುನನನ್ನು ಕರೆಸುವನು. ಜಾತ್ರೆಗೆ, ಲಗ್ನಕ್ಕೆ ಎಲ್ಲರೂ ಊರಿಗೆ ಬರುವರು. ಅವರ ರೊಕ್ಕದಿಂದ ಮನೆಗಳೆದ್ದವು, ಗುಡಿಗಳೆದ್ದವು. ಕೆಲವರು ಬಾವಿ ತೋಡಿಸಿ ದ್ರಾಕ್ಷಿ, ದಾಳಿಂಬೆ ಹಚ್ಚಿದರು.

ಗಿರಣಿಯವನಿಗೂ ಗಲಾಯಿಯವನಿಗೂ ಇರುವ ಭೇದವನ್ನು ಗಮನಿಸಬೇಕು. ಇಬ್ಬರೂ ಬರಗಾಲದ ಮಕ್ಕಳೇ. ಮೊದಲನೆಯವನು ಬರಿಯ ತೋಳಿನ ಬಲವನ್ನು ನಗರಕ್ಕೆ ಮಾರಿದನು. ಎರಡನೆಯವನು ಒಂದು ಕಸಬನ್ನು ಕೈಯಲ್ಲಿ ಹಿಡಿದುಕೊಂಡು ಹೋದನು. ತೋಳು ಸೋತ ದಿನ ಮೊದಲನೆಯವನ ಗಳಿಕೆ ನಿಂತಿತು. ಎರಡನೆಯವನು ತನ್ನ ಕಸಬನ್ನು ಮಗನಿಗೂ ಅಳಿಯನಿಗೂ ಕೊಟ್ಟನು. ಮಗನನ್ನು ಪೇಟೆಗೆ ಕಳಿಸಲೇಬೇಕಾದ ತಂದೆ ಈ ಭೇದವನ್ನು ಯೋಚಿಸಬೇಕು. ಹತ್ತನೆಯ ಇಯತ್ತೆ ಮುಗಿಯುತ್ತಲೇ ಹೋಟೆಲಿಗೋ ಕಟ್ಟಡದ ಕೂಲಿಗೋ ಕಳಿಸುವದಕ್ಕಿಂತ, ಎರಡು ವರುಷ ತಡೆದು ವಿದ್ಯುತ್ ಕೆಲಸವನ್ನೋ ಯಂತ್ರ ರಿಪೇರಿಯನ್ನೋ ಕಲಿಸಿ ಕಳಿಸಿದರೆ ಹೋದ ಹುಡುಗನ ದರವೇ ಬೇರೆಯಾಗುವದು.

ಕಾರಖಾನೆ ಊರಿಗೆ ಬಂದಾಗ

ಮನುಷ್ಯನು ಪೇಟೆಗೆ ಹೋಗುವ ಬದಲು ಪೇಟೆಯ ಕೆಲಸವೇ ಹಳ್ಳಿಗೆ ಬಂದರೆ? ಹಾಗೂ ಆದದ್ದುಂಟು, ಅದೂ ನಮ್ಮವರ ಕೈಯಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಶಾಲೆಯಲ್ಲಿ ಶಿಕ್ಷಕರಾಗಿದ್ದವರು. ಆ ನೌಕರಿ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ಇಟ್ಟರು, ಮೇವು ಕತ್ತರಿಸುವ ಯಂತ್ರ ಮಾಡಿದರು, ಬಳಿಕ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವದೆಂದು ಒಕ್ಕಲಿಗರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲ. ಮೊದಲಿನ ಕೆಲವು ನೇಗಿಲುಗಳು ಮಾರಾಟವಾಗುವದಕ್ಕೆ ಎರಡು ವರುಷ ಬೇಕಾದವು. (ನಮ್ಮ ಅಜ್ಜಂದಿರನ್ನು ನಗುವವರು ಇಂದು ಮಣ್ಣು ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ.) ಬೆಳಗಾವಿಯಲ್ಲಿ ಕಾರಖಾನೆಯ ಜಾಗವನ್ನು ಬಿಡಬೇಕಾಗಿ ಬಂದಾಗ ಔಂಧದ ಅರಸರು ಜಾಗವನ್ನೂ ಸಾಲವನ್ನೂ ಕೊಟ್ಟರು. ೧೯೧೦ರಲ್ಲಿ ಕುಂಡಲ ರೋಡ ರೈಲು ನಿಲ್ದಾಣದ ಪಕ್ಕದಲ್ಲಿ, ಪಾಪಸುಕಳ್ಳಿ ಬೆಳೆದ ಬರಡು ನೆಲದ ಮೇಲೆ, ಕಿರ್ಲೋಸ್ಕರವಾಡಿ ಎದ್ದಿತು. ಸುತ್ತಲಿನ ಹಳ್ಳಿಗಳ ಹುಡುಗರು ಅಲ್ಲಿ ಎರಕ ಹೊಯ್ಯುವದನ್ನೂ ಲೇಥ್ ನಡೆಯಿಸುವದನ್ನೂ ಕಲಿತರು. ಅವರ ಹೊಲ ಕೈಬಿಡಲಿಲ್ಲ. ಸಂಜೆಗೆ ಮನೆಗೆ ಬಂದು ಎತ್ತಿಗೆ ನೀರು ಕುಡಿಸುವದು ಸಾಧ್ಯವಾಯಿತು.

ಆದರೂ ಈ ಕಥೆಗೆ ಎರಡನೆಯ ಮಗ್ಗುಲು ಇದೆ. ಉದ್ಯೋಗ ದೊಡ್ಡದಾದಂತೆ ಅದರ ಹೊಸ ಕೊಂಬೆಗಳು ದೊಡ್ಡ ಊರುಗಳಿಗೆ ಚಾಚಿದವು: ೧೯೪೧ರಲ್ಲಿ ಹರಿಹರ, ೧೯೪೬ರಲ್ಲಿ ಬೆಂಗಳೂರು ಮತ್ತು ಪುಣೆ. ಬ್ಯಾಂಕು, ತಜ್ಞರು, ಬಿಡಿಭಾಗ ಮಾಡುವವರು, ಕಾಲೇಜು ಕಲಿತ ಹುಡುಗರು ಎಲ್ಲರೂ ಒಂದೆಡೆ ಸಿಗುವದು ನಗರದಲ್ಲಿ. ಒಬ್ಬ ಕಾರಖಾನೆಯವನು ಅಲ್ಲಿಗೆ ಹೋದನೆಂದು ಇನ್ನೊಬ್ಬನು ಹೋಗುತ್ತಾನೆ. ಮುಂಬಯಿಯ ಒತ್ತಡವನ್ನು ಕಡಿಮೆ ಮಾಡಿ ಉದ್ಯೋಗಗಳನ್ನು ನಾಡಿನಲ್ಲೆಲ್ಲ ಹರಡಬೇಕೆಂಬ ಉದ್ದೇಶದಿಂದಲೂ ಮಹಾರಾಷ್ಟ್ರ ಸರಕಾರವು ೧೯೬೨ರಲ್ಲಿ ಔದ್ಯೋಗಿಕ ವಿಕಾಸ ಮಹಾಮಂಡಳವನ್ನು ಸ್ಥಾಪಿಸಿತು. ಸಾಂಗ್ಲಿ, ಮಿರಜ, ಕುಪವಾಡ, ಪಲೂಸಗಳಲ್ಲಿ ಅದರ ವಸಾಹತುಗಳಿವೆ. ಆದರೆ ಆ ಮಂಡಳದ ಜಾಗಗಳಲ್ಲಿಯೂ ಬಹಳ ಬೇಗ ತುಂಬಿದವು ಮುಂಬಯಿ-ಪುಣೆಯ ಸನಿಹದಲ್ಲಿದ್ದವು.

ಸ್ವೀಡನ್ ದೇಶದ ಗುನ್ನಾರ ಮಿರ್ಡಾಲರು ೧೯೫೭ರಲ್ಲಿ ಇದನ್ನು ಒಂದು ಸಿದ್ಧಾಂತವಾಗಿ ಹೇಳಿದರು. ಬೆಳೆಯುವ ನಗರವು ಸುತ್ತಲಿನ ಸೀಮೆಗೆ ಎರಡು ಕೆಲಸ ಮಾಡುತ್ತದೆ. ಒಂದು, ತನಗೆ ಬೇಕಾದ ಹಾಲು, ಹಣ್ಣು, ಬೆಲ್ಲಗಳನ್ನು ಕೊಂಡು ರೊಕ್ಕ ಹರಡುತ್ತದೆ. ಇನ್ನೊಂದು, ಸುತ್ತಲಿನ ಹರೆಯದ ಆಳುಗಳನ್ನೂ ಕಲಿತವರನ್ನೂ ಉಳಿತಾಯದ ಹಣವನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಮೊದಲನೆಯದು ಹೆಚ್ಚೋ ಎರಡನೆಯದು ಹೆಚ್ಚೋ ಎಂಬುದರ ಮೇಲೆ ಆ ಸೀಮೆಯ ಏಳಿಗೆ ನಿಂತಿದೆ. ಬಡ ಸೀಮೆಯಲ್ಲಿ ಎಳೆತವೇ ಹೆಚ್ಚು, ಸರಕಾರ ನಡುವೆ ಬಾರದಿದ್ದರೆ ಅದು ತಾನಾಗಿ ಸರಿಯಾಗುವದಿಲ್ಲ ಎಂಬುದು ಅವರ ಮತ.

ಇದನ್ನು ನಮ್ಮ ಜಿಲ್ಲೆಯೊಳಗೇ ಕಣ್ಣಾರೆ ಕಾಣಬಹುದು. ಕೃಷ್ಣೆಯ ದಂಡೆಯ ಭಿಲವಡಿಯಲ್ಲಿ ಚಿತಳೆಯವರು ೧೯೩೯ರಲ್ಲಿ ಹಾಲಿನ ಉದ್ಯೋಗ ಆರಂಭಿಸಿದರು. ರೈಲು ಹತ್ತಿರವಿತ್ತು, ಮೇವು ನೀರು ಇದ್ದವು. ಹಾಲು ನಗರಕ್ಕೆ ಹೋಯಿತು, ಮನುಷ್ಯರು ಊರಿನಲ್ಲಿ ಉಳಿದರು. ತಾಸಗಾಂವ ತಾಲೂಕಿನ ಬೋರಗಾಂವದ ವಸಂತರಾವ ಆರ್ವೆಯವರು ಥಾಮ್ಸನ್ ಸೀಡಲೆಸ್ ಬಳ್ಳಿಗಳಿಂದ ಆರಿಸಿ ‘ತಾಸ-ಎ-ಗಣೇಶ’ ಎಂಬ ದ್ರಾಕ್ಷಿಯ ತಳಿಯನ್ನು ಬೆಳೆಸಿದರು; ಮುಂಬಯಿಯ ಗಿರಾಕಿ ಇಲ್ಲದಿದ್ದರೆ ಆ ತೋಟಗಳಿಗೆ ಬೆಲೆ ಎಲ್ಲಿಯದು? ಸಾಂಗ್ಲಿಯ ಪೇಟೆಯಂತೂ ಅರಿಷಿಣಕ್ಕೆ ದೇಶದಲ್ಲಿಯೇ ಹೆಸರಾದದ್ದು. ಹರಿಪುರದ ಹಗೇವುಗಳಲ್ಲಿ ಅರಿಷಿಣವನ್ನು ವರುಷಗಟ್ಟಲೆ ಹುಳ ಹಿಡಿಯದಂತೆ ಇಡುತ್ತಿದ್ದರು. ೨೦೦೫ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ನೀರಿದ್ದ, ರೈಲಿದ್ದ, ಸಹಕಾರಿ ಸಕ್ಕರೆ ಕಾರಖಾನೆ ಇದ್ದ ಪಡುವಣ ತಾಲೂಕುಗಳಿಗೆ ನಗರದಿಂದ ರೊಕ್ಕ ಬಂತು. ಮೂಡಣ ತಾಲೂಕುಗಳಿಂದ ಆಳು ಹೋಯಿತು. ಜತ್ತಿನ ಹೆಸರಿನಲ್ಲಿ ರೈಲು ನಿಲ್ದಾಣವೇನೋ ಒಂದಿದೆ. ‘ಜತ್ತ ರೋಡ’ ಎಂದು ಫಲಕ ಹಾಕಿದೆ. ಅಲ್ಲಿ ಇಳಿದವನಿಗೆ ರೋಡ ಸಿಗುವದು, ಜತ್ತ ಸಿಗಲು ಬಹಳ ದೂರ ಹೋಗಬೇಕು.

ನೀರು ಹೋದಲ್ಲಿ ಕಬ್ಬು, ಕಬ್ಬು ಹೋದಲ್ಲಿ ಗುಳೆ

ಜತ್ತ ತಾಲೂಕಿನಲ್ಲಿ ವರುಷಕ್ಕೆ ಬೀಳುವ ಮಳೆ ೨೦ ಇಂಚಿನ ಆಸುಪಾಸು, ಅದೂ ಹೇಳಿ ಕೇಳಿ ಬರುವದಲ್ಲ. ಇದು ಮೊದಲು ಒಂದು ಸಂಸ್ಥಾನ. ೧೯೪೯ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ೧೯೬೦ರಲ್ಲಿ ಸಾಂಗ್ಲಿ ಎಂದು ಹೆಸರಾಯಿತು. ಒಂದೇ ಜಿಲ್ಲೆಯಾದರೂ ಪಡುವಣದಲ್ಲಿ ನದಿಯ ನೀರು ಮನೆಯ ಹೊಸ್ತಿಲು ದಾಟುತ್ತದೆ, ಮೂಡಣದಲ್ಲಿ ಟ್ಯಾಂಕರಿನ ಹಾದಿ ಕಾಯಬೇಕು. ೨೦೧೯ರ ಆಗಸ್ಟಿನಲ್ಲಿ ಇರ್ವಿನ್ ಸೇತುವೆಯ ಹತ್ತಿರ ಕೃಷ್ಣೆ ಸುಮಾರು ೫೭ ಅಡಿ ಏರಿತ್ತು. ಅಪಾಯದ ಗುರುತು ೪೫ ಅಡಿ. ಸಾಂಗ್ಲಿವಾಡಿಯ ಜನ ಮನೆ ಬಿಟ್ಟು ಹೊರಡಬೇಕಾಯಿತು. ೨೦೨೧ರಲ್ಲಿ ಮತ್ತೆ ಪೂರ. ನೀರು ಹೆಚ್ಚಾಗಿ ಊರು ಬಿಡುವವರೂ ನೀರು ಇಲ್ಲದೆ ಊರು ಬಿಡುವವರೂ ಒಬ್ಬನೇ ಕಲೆಕ್ಟರನ ಕಚೇರಿಗೆ ಅರ್ಜಿ ಕೊಡುವಂಥ ಜಿಲ್ಲೆ ನಮ್ಮದು.

ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಹಂತಹಂತವಾಗಿ ಮೇಲೆತ್ತಿ ಮೂಡಣ ತಾಲೂಕುಗಳಿಗೆ ಒಯ್ಯುವ ಯೋಜನೆಯ ಕೆಲಸ ನಡೆದು ದಶಕಗಳು ಕಳೆದಿವೆ. ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ, ಕಬ್ಬು ಕಾಣುತ್ತವೆ. ಆದರೆ ಎತ್ತಿದ ನೀರು ಹರಿದ ನೀರಿನಂತಲ್ಲ. ಅದಕ್ಕೆ ವಿದ್ಯುತ್ತಿನ ಬಿಲ್ಲು ಇದೆ. ಬಿಲ್ಲು ತುಂಬದಾಗ ಪಂಪು ನಿಂತದ್ದುಂಟು. ೨೦೧೬ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. ಮೊದಲನೆಯ ಗಾಡಿ ೧೦ ಡಬ್ಬಿಗಳಲ್ಲಿ ಸುಮಾರು ೫ ಲಕ್ಷ ಲೀಟರು ಒಯ್ದಿತು, ಮುಂದೆ ೫೦ ಡಬ್ಬಿಗಳ ಗಾಡಿಗಳೂ ಹೋದವು. ನೀರಡಿಸಿದವರಿಗೆ ನೀರು ಕೊಡುವದು ಪುಣ್ಯದ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಲಾತೂರು ಒಂದು ನಗರವಾದ್ದರಿಂದ ಅದರ ನೀರಡಿಕೆ ದಿಲ್ಲಿಯವರೆಗೆ ಕೇಳಿಸಿತು. ಮಿರಜದ ಮಗ್ಗುಲಲ್ಲಿಯೇ ಇರುವ ಸಣ್ಣ ಹಳ್ಳಿಗಳ ನೀರಡಿಕೆ ತಾಲೂಕಿನ ಕಚೇರಿಯವರೆಗೆ ಮುಟ್ಟಲು ಹೆಣಗಬೇಕಾಗುತ್ತದೆ. ೨೦೨೨ರ ಕೊನೆಗೆ ಜತ್ತಿನ ನಾಲ್ವತ್ತಕ್ಕೂ ಹೆಚ್ಚು ಹಳ್ಳಿಗಳವರು ನೀರಿಗಾಗಿ ಗಟ್ಟಿಯಾಗಿ ಕೂಗಿದರು. ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರನ್ನಾದರೂ ಕೊಡಿಸಿರಿ, ಇಲ್ಲವೇ ನಮ್ಮನ್ನು ಆಚೆಗೆ ಬಿಡಿರಿ ಎಂದರು. ಆಗಲೇ ಎರಡೂ ರಾಜಧಾನಿಗಳಲ್ಲಿ ಜತ್ತಿನ ಹೆಸರು ಕೇಳಿಬಂತು. ಗಡಿಯ ವಾದ ಏನೇ ಇರಲಿ, ಈ ಕೂಗಿನ ಬೇರು ಇರುವದು ನೀರಿನಲ್ಲಿ ಎಂಬುದನ್ನು ಮರೆಯಬಾರದು.

ನೀರು ಸಿಗದ ಊರಿನವರು ನೀರು ಇದ್ದ ಊರಿಗೆ ದುಡಿಯಲು ಹೋಗುತ್ತಾರೆ. ದೀಪಾವಳಿಯ ಸುಮಾರಿಗೆ ಸಕ್ಕರೆ ಕಾರಖಾನೆಗಳ ಹಂಗಾಮು ಆರಂಭವಾಗುತ್ತದೆ. ಬೀಡಿನ ಕಡೆಯಿಂದ ಬರುವವರಂತೆ ಜತ್ತ, ಆಟಪಾಡಿ, ಇತ್ತ ವಿಜಾಪುರ ಜಿಲ್ಲೆಯ ಹಳ್ಳಿಗಳಿಂದಲೂ ಗ್ಯಾಂಗುಗಳು ಹೊರಡುತ್ತವೆ. ಗಂಡ ಹೆಂಡತಿ ಕೂಡಿ ಒಂದು ‘ಕೊಯತಾ’. ಮುಕಾದಮನು ಮುಂಗಡ ‘ಉಚಲು’ ಕೊಟ್ಟಿರುತ್ತಾನೆ. ಮಗಳ ಲಗ್ನಕ್ಕೋ ಜಡ್ಡಿಗೋ ಅದು ಅದಾಗಲೇ ಖರ್ಚಾಗಿರುತ್ತದೆ. ಕಡಿದ ಟನ್ನಿನ ಮೇಲೆ ಕೂಲಿ; ಕೂಲಿಯಲ್ಲಿ ಉಚಲು ಮುರಿದುಕೊಳ್ಳುತ್ತಾರೆ. ಹಂಗಾಮು ಬೇಗ ಮುಗಿದರೆ ಉಳಿದ ಬಾಕಿಯು ಮುಂದಿನ ವರುಷಕ್ಕೆ ಹೋಗುತ್ತದೆ. ಎಂದರೆ ಮುಂದಿನ ವರುಷ ಮಳೆ ಚೆನ್ನಾಗಿ ಬಿದ್ದರೂ ಅವನು ತನ್ನ ಹೊಲ ಬಿಟ್ಟು ಹೋಗಲೇಬೇಕು. ರವದಿಯ ಗುಡಿಸಲಿನಲ್ಲಿ ಐದಾರು ತಿಂಗಳು. ಹಸುಗೂಸು ಕಬ್ಬಿನ ಸಾಲಿನಲ್ಲಿ, ಶಾಲೆಗೆ ಹೋಗುವ ಮಗು ಅದರ ಕಾವಲಿಗೆ. ಕನ್ನಡ ಶಾಲೆಯ ಹಾಜರಿ ಪಟ್ಟಿಯಲ್ಲಿ ಹೆಸರು ಇರುತ್ತದೆ, ಮಗು ಇರುವದಿಲ್ಲ. ಹೋದ ಊರಿನಲ್ಲಿ ಶಾಲೆ ಇದ್ದರೂ ಅದು ಮರಾಠಿಯದು. ಮುದುಕಿಯನ್ನೋ ಅಜ್ಜನನ್ನೋ ಊರಿನಲ್ಲಿ ಬಿಟ್ಟು ಮಕ್ಕಳನ್ನು ಅವರ ಹತ್ತಿರ ಇಟ್ಟು ಹೋಗುವವರು ಇದ್ದಾರೆ. ಅಂಥ ಮನೆಗಳಿಗೆ ಗ್ರಾಮಪಂಚಾಯತಿಯೂ ಶಾಲೆಯ ಗುರುಗಳೂ ಆಸರೆಯಾದರೆ ಬಹಳ ಉಪಕಾರವಾಗುವದು.

ಪಟ್ಟಣದ ಕರ, ಹಳ್ಳಿಯ ಕೂಲಿ

ನಗರದ ಗಳಿಕೆಯಲ್ಲಿ ಹಳ್ಳಿಗೆ ಪಾಲು ಕೊಡಿಸುವದು ಆಗದ ಕೆಲಸವೇನಲ್ಲ. ಅದರ ದಾರಿ ತೋರಿಸಿದವರೂ ಈ ಜಿಲ್ಲೆಯವರೇ. ತಾಸಗಾಂವ ತಾಲೂಕಿನ ವಿ. ಸ. ಪಾಗೆಯವರು ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದರು. ದುಡಿಯುವೆನೆಂದು ಕೈ ಒಡ್ಡಿದವನಿಗೆ ಸರಕಾರ ಕೆಲಸ ಕೊಡಲೇಬೇಕೆಂಬ ಅವರ ವಿಚಾರವನ್ನು ೧೯೬೫ರಲ್ಲಿ ವಿಸಾಪುರದ ಸೀಮೆಯಲ್ಲಿ ಪ್ರಯೋಗ ಮಾಡಿ ನೋಡಿದರು. ಮುಂದೆ ೧೯೭೨ರ ಬರ ಬಂತು. ೧೯೭೩ರ ಬೇಸಿಗೆಯಲ್ಲಿ ಸುಮಾರು ೫೦ ಲಕ್ಷ ಜನ ಬರಗಾಲದ ಕೆಲಸಗಳ ಮೇಲೆ ದುಡಿಯುತ್ತಿದ್ದರು. ಕಲ್ಲು ಒಡೆದರು, ಕೆರೆ ಕಟ್ಟಿದರು, ರಸ್ತೆ ಮಾಡಿದರು. ಪಾಗೆಯವರ ವಿಚಾರ ರಾಜ್ಯದ ಯೋಜನೆಯಾಯಿತು, ೧೯೭೭ರಲ್ಲಿ ಕಾಯದೆಯಾಯಿತು, ೧೯೭೯ರ ಜನವರಿ ೨೬ರಿಂದ ಜಾರಿಗೆ ಬಂತು. ರೊಕ್ಕ ಎಲ್ಲಿಂದ? ೧೯೭೫ರಲ್ಲಿ ನೌಕರದಾರರ ಮತ್ತು ಉದ್ಯೋಗದವರ ಮೇಲೆ ವೃತ್ತಿ ಕರ ಹಾಕಿದರು. ಅದನ್ನು ಹೆಚ್ಚಾಗಿ ಕೊಟ್ಟದ್ದು ಮುಂಬಯಿಯಂಥ ಪಟ್ಟಣಗಳ ಪಗಾರದವರು. ಖರ್ಚಾದದ್ದು ಹಳ್ಳಿಯ ಬದು, ಬಾವಿ, ಕೆರೆಗಳ ಮೇಲೆ. ಹಳ್ಳಿಯಲ್ಲಿ ಕೆಲಸ ಸಿಕ್ಕರೆ ನಗರದ ಕೊಳಚೆ ಗುಡಿಸಲುಗಳೂ ಹೆಚ್ಚಾಗುವದಿಲ್ಲವೆಂಬ ಲೆಕ್ಕ ನಗರದವರಿಗೂ ಪಟ್ಟಿತು. ೨೦೦೫ರಲ್ಲಿ ಕೇಂದ್ರ ಸರಕಾರವು ದೇಶಕ್ಕೆಲ್ಲ ಇಂಥದೇ ಕಾಯದೆ ಮಾಡಿದಾಗ ಮಹಾರಾಷ್ಟ್ರದ ಅನುಭವ ಅದರ ಹಿಂದೆ ಇತ್ತು.

ಇನ್ನೊಂದು ವಿಷಯದಲ್ಲಿ ಮಾತ್ರ ಮಹಾರಾಷ್ಟ್ರದ ಲೆಕ್ಕ ನಮಗೆ ಸರಿಬೀಳುವದಿಲ್ಲ. ಹಿಂದುಳಿದ ಭಾಗಗಳ ಏಳಿಗೆಗೆಂದು ೧೯೯೪ರಲ್ಲಿ ಮೂರು ವಿಕಾಸ ಮಂಡಳಗಳನ್ನು ಮಾಡಿದರು: ವಿದರ್ಭ, ಮರಾಠವಾಡ, ಉಳಿದ ಮಹಾರಾಷ್ಟ್ರ. ೨೦೨೦ರಲ್ಲಿ ಅವುಗಳ ಅವಧಿ ಮುಗಿಯಿತು. ಜತ್ತ ಇದ್ದದ್ದು ‘ಉಳಿದ’ದ್ದರಲ್ಲಿ, ಮುಂಬಯಿಯೂ ಪುಣ್ಯಪಟ್ಟಣವೂ ಅದರಲ್ಲಿಯೇ. ಕೋಟ್ಯಧೀಶನನ್ನೂ ಕೂಲಿಯವನನ್ನೂ ಒಂದೇ ಪಂಕ್ತಿಯಲ್ಲಿ ಕೂಡ್ರಿಸಿ ಸರಾಸರಿ ತೆಗೆದರೆ ಕೂಲಿಯವನೂ ಸಾಹುಕಾರನಾಗಿ ಕಾಣುವನು! ಕರ್ನಾಟಕದಲ್ಲಿ ಡಾ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ತಾಲೂಕನ್ನೇ ಅಳತೆಯ ಕೋಲಾಗಿ ಹಿಡಿದು, ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದವು, ಅವುಗಳಲ್ಲಿ ೩೯ ತೀರ ಹಿಂದುಳಿದವು ಎಂದು ಹೆಸರು ಹೇಳಿ ಪಟ್ಟಿ ಮಾಡಿತು. ಈ ಕ್ರಮ ನ್ಯಾಯವಾದದ್ದೆಂದು ನಮ್ಮ ಅಭಿಪ್ರಾಯ. ಹಾಗೆಂದು ಕರ್ನಾಟಕದಲ್ಲಿ ಎಲ್ಲವೂ ಸುಸೂತ್ರವೆಂದು ತಿಳಿಯಬೇಡಿರಿ. ೨೦೧೧ರಲ್ಲಿ ಬೆಂಗಳೂರಿನ ಜನಸಂಖ್ಯೆ ೮೪ ಲಕ್ಷ. ಎರಡನೆಯದಾದ ಹುಬ್ಬಳ್ಳಿ-ಧಾರವಾಡದ್ದು ೯ ಲಕ್ಷ ೪೩ ಸಾವಿರ. ತಲೆ ಇಷ್ಟು ದೊಡ್ಡದಾಗಿ ಕೈಕಾಲು ಸಣ್ಣವಾದ ರಾಜ್ಯದಲ್ಲಿ ಉತ್ತರದ ಹುಡುಗರು ರಾತ್ರಿ ಬಸ್ಸು ಹತ್ತುವದು ತಪ್ಪುವದಿಲ್ಲ. ಗಡಿಯಾಚೆಯ ನಮ್ಮ ಕನ್ನಡ ಹುಡುಗನಿಗಂತೂ ಎರಡು ಕಡೆಗೂ ಎಳೆತ: ಓದಿದ ಭಾಷೆ ವಿಜಾಪುರ, ಬೆಳಗಾವಿ, ಬೆಂಗಳೂರುಗಳ ಕಡೆಗೆ ಕರೆಯುತ್ತದೆ, ಹತ್ತಿರದ ರೈಲು ಪುಣೆಯ ಕಡೆಗೆ. ಮರಾಠಿಯನ್ನೂ ಚೆನ್ನಾಗಿ ಕಲಿತವನಿಗೆ ಇದೊಂದು ಅನುಕೂಲ. ಎರಡರಲ್ಲಿ ಒಂದನ್ನೂ ಸರಿಯಾಗಿ ಕಲಿಯದವನಿಗೆ ಎರಡೂ ಕಡೆ ಕೂಲಿಯೇ ಗತಿ.

ಹೊರಡುವ ಮುನ್ನ

ಹೋಗಬೇಡಿರಿ ಎಂದು ಹೇಳುವದಕ್ಕೆ ನಮಗೆ ಮುಖವಿಲ್ಲ, ಹೊಟ್ಟೆ ಕೇಳುವದಿಲ್ಲ. ಹೋಗುವವರು ಕೆಲವು ಕೆಲಸಗಳನ್ನು ಮಾಡಿ ಹೋಗುವದು ಒಳ್ಳೆಯದು. ತಂದೆ ತೀರಿದ ಮೇಲೆ ಹೊಲದ ೭/೧೨ ಉತಾರಿನಲ್ಲಿ ವಾರಸಾ ನೋಂದು ಮಾಡಿಸದೆ ಬಿಡಬೇಡಿರಿ. ಊರಿನಲ್ಲಿ ಇಲ್ಲದವನ ಬದು ಪ್ರತಿ ವರುಷ ಒಂದು ಗೇಣು ಒಳಗೆ ಸರಿಯುತ್ತದೆಂಬುದು ಎಲ್ಲರಿಗೂ ಗೊತ್ತಿದೆ. ಹೆಂಡತಿ ಒಕ್ಕಲುತನ ನಡೆಯಿಸುವವಳಾದರೆ ಅವಳ ಹೆಸರನ್ನೂ ಹೊಲಕ್ಕೆ ಸೇರಿಸಿರಿ. ಸೊಸಾಯಿಟಿಯ ಸಾಲ, ಬೆಳೆಯ ವಿಮೆ, ಪರಿಹಾರ ಇವುಗಳೆಲ್ಲ ಕಾಗದದಲ್ಲಿ ಹೆಸರು ಇದ್ದವರಿಗೆ ಸುಲಭ. ರೇಶನ್ ಕಾರ್ಡಿಗೆ ಮನೆಯ ಎಲ್ಲರ ಆಧಾರ ಜೋಡಿಸಿದ್ದರೆ ಈಗ ದೇಶದ ಯಾವ ಊರಿನ ರೇಶನ್ ಅಂಗಡಿಯಲ್ಲಾದರೂ ಧಾನ್ಯ ಪಡೆಯಬಹುದು, ರಾಜ್ಯದ ಗಡಿ ಅಡ್ಡ ಬರುವದಿಲ್ಲ. ಮನೆಯವರಲ್ಲಿ ಅರ್ಧ ಜನ ಊರಿನಲ್ಲಿ ಉಳಿದರೆ ಅವರ ಪಾಲನ್ನು ಅಲ್ಲಿಯೂ ಹೋದವರ ಪಾಲನ್ನು ಇಲ್ಲಿಯೂ ಎತ್ತಬಹುದು.

ಮುಕಾದಮನಿಂದ ಉಚಲು ತೆಗೆದುಕೊಳ್ಳುವವರು ಎಷ್ಟು ತೆಗೆದುಕೊಂಡಿರಿ, ಟನ್ನಿಗೆ ದರವೆಷ್ಟು ಎಂಬುದನ್ನು ಬರೆಯಿಸಿ, ನಕಲು ಒಂದನ್ನು ಮನೆಯಲ್ಲಿ ಇಡಿರಿ. ಹೆಬ್ಬೆಟ್ಟು ಒತ್ತುವ ಮುಂಚೆ ಶಾಲೆಗೆ ಹೋಗುವ ಮಗುವಿನಿಂದಾದರೂ ಓದಿಸಿ ಕೇಳಿರಿ. ಗಂಡ ಹೆಂಡತಿ ಇಬ್ಬರ ದುಡಿಮೆ ಒಂದೇ ಹೆಸರಿನಲ್ಲಿ ಬರೆಯುವ ರೂಢಿ ಇದೆ. ಇಬ್ಬರ ಹೆಸರೂ ಇರಲಿ.

ಊರಿನಲ್ಲಿ ಉಳಿದು ಅರಿಷಿಣ, ಒಣದ್ರಾಕ್ಷಿ, ಜೋಳ ಬೆಳೆಯುವವರಿಗೂ ಒಂದು ಮಾತು. ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಲೆ ಮಾಲು ತಂದಾಗ ಲಿಲಾವಿನಲ್ಲಿ ದರ ಬೀಳುತ್ತದೆ. ದರ ಏರುವ ತನಕ ಕಾಯುವ ಶಕ್ತಿ ಇರುವದು ಪೇಟೆಯ ವ್ಯಾಪಾರಿಗೆ. ಬಾಜಾರ ಸಮಿತಿಗಳಲ್ಲಿ ಮಾಲನ್ನು ಗೋದಾಮಿನಲ್ಲಿ ಒತ್ತೆ ಇಟ್ಟು ಅದರ ಬೆಲೆಯ ಮುಕ್ಕಾಲು ಪಾಲಿನ ತನಕ ಸಾಲ ಕೊಡುವ ‘ತಾರಣ’ ಯೋಜನೆ ೧೯೯೦ರ ಸುಮಾರಿನಿಂದ ಇದೆ. ಸಾಂಗ್ಲಿಗೆ ಮಾಲು ತರುವ ಮುಂಚೆ, ಈ ವರುಷ ಯಾವ ಗೋದಾಮಿನಲ್ಲಿ ಜಾಗವಿದೆ, ಬಡ್ಡಿ ಎಷ್ಟು, ಎಷ್ಟು ದಿನದ ಮುದ್ದತ್ತು ಎಂಬುದನ್ನು ಸಮಿತಿಯ ಕಚೇರಿಯಲ್ಲಿ ಕೇಳಿಕೊಳ್ಳಿರಿ. ಹೋಗುವಾಗ ೭/೧೨ ಉತಾರು, ಬ್ಯಾಂಕಿನ ಪಾಸಬುಕ್ಕು, ಆಧಾರ ಕಾರ್ಡು ಜತೆಗಿರಲಿ. ಮಾಲನ್ನು ಚೆನ್ನಾಗಿ ಒಣಗಿಸಿ, ಸೋಸಿ ಒಯ್ಯಿರಿ, ಏಕೆಂದರೆ ಹಸಿ ಮಾಲನ್ನು ಗೋದಾಮಿನವರು ಒಳಗೆ ತೆಗೆದುಕೊಳ್ಳುವದಿಲ್ಲ.